ಪಾಡ್‌ಕಾಸ್ಟ್ ಪಠ್ಯ: ಖರ್ಚಿನ ಪಟ್ಟಿಯಲ್ಲಿ ಉಳಿದ ಗ್ರೀಕ್ ದೇವರುಗಳು



2007ರ ಜನವರಿ 21, ಭಾನುವಾರ. ಜಾಗ ಅಥೆನ್ಸ್ ನಗರದ ಮಧ್ಯೆ ಇರೋ ಒಲಿಂಪಿಯನ್ ಜ್ಯೂಸ್ ದೇವಾಲಯ. ದೇವಾಲಯ ಅಂದರೆ ಪೂರ್ತಿ ದೇವಾಲಯ ಅಲ್ಲ. ಒಂದು ಕಾಲದಲ್ಲಿ 104 ಕಂಬ ಇದ್ದ ಕಟ್ಟಡ ಅದು. ಕ್ರಿಸ್ತಪೂರ್ವ ಆರನೇ ಶತಮಾನದಲ್ಲಿ ಕೆಲಸ ಶುರುವಾಗಿ, ನಿಂತು, ಮತ್ತೆ ಶುರುವಾಗಿ, ಕೊನೆಗೆ ರೋಮ್ ಚಕ್ರವರ್ತಿ ಹೇಡ್ರಿಯನ್ ಕಾಲದಲ್ಲಿ ಮುಗೀತು. ನಮ್ಮ ಕಡೆ ಸೇತುವೆ ಕೆಲಸ ತಡ ಆಯ್ತು ಅಂತ ಬೈಯುವವರು ಇದನ್ನ ನೆನಪಿಟ್ಟುಕೊಳ್ಳಬಹುದು, ಆರುನೂರು ವರ್ಷಕ್ಕೂ ಹೆಚ್ಚು. ಈಗ ಅಲ್ಲಿ ನಿಂತಿರೋದು 15 ಕಂಬ. ಹದಿನಾರನೆಯದು 1852ರ ಬಿರುಗಾಳಿಗೆ ಬಿದ್ದು, ಚಕ್ಕುಲಿ ಜೋಡಿಸಿಟ್ಟ ಹಾಗೆ ಇವತ್ತಿಗೂ ನೆಲದ ಮೇಲೆ ಮಲಗಿದೆ.

ಆ ಭಾನುವಾರ ಒಂದಷ್ಟು ಜನ ಹಳೇ ಕಾಲದ ಉಡುಪು ಹಾಕಿಕೊಂಡು ಅಲ್ಲಿಗೆ ಬಂದರು. ಜ್ಯೂಸ್ ಮತ್ತು ಹೆರಾ ದೇವತೆಯರ ಮದುವೆಯ ಹಬ್ಬ ಆಚರಿಸಿದರು, ಪ್ರಾರ್ಥನೆ ಮಾಡಿದರು. ಸರಕಾರ ಅನುಮತಿ ಕೊಟ್ಟಿರಲಿಲ್ಲ. ಅದು ಪುರಾತತ್ವ ಸ್ಮಾರಕ, ಅಲ್ಲಿ ಟಿಕೆಟ್ ತಗೊಂಡು ಫೋಟೋ ಹೊಡೀಬಹುದು, ಪೂಜೆ ಮಾಡೋ ಹಾಗಿಲ್ಲ. ಬಂದವರು ಎಲ್ಲಿನೈಸ್ ಅನ್ನೋ ಸಂಘದವರು. ಹಿಂದಿನ ವರ್ಷವಷ್ಟೇ, ಅಂದರೆ 2006ರಲ್ಲಿ, ಕೋರ್ಟಿಂದ ಆ ಸಂಘಕ್ಕೆ ಮಾನ್ಯತೆ ಸಿಕ್ಕಿತ್ತು. ಆ ದಿನದ ಸುದ್ದಿ ಪ್ರಪಂಚದ ಪತ್ರಿಕೆಗಳಲ್ಲೆಲ್ಲ ಬಂತು. ಹೆಚ್ಚಿನವರು ತಮಾಷೆಯಾಗೇ ಬರೆದರು.

ನನಗೂ ಮೊದಲು ನಗು ಬಂತು, ಸುಳ್ಳು ಹೇಳಲ್ಲ. ಆಮೇಲೆ ಒಂದು ಪ್ರಶ್ನೆ ತಲೆಯಲ್ಲಿ ಕೂತುಬಿಡ್ತು. ಹದಿನಾರು ಶತಮಾನದ ಹಿಂದೆ ನಿಂತುಹೋದ ಪೂಜೆಯನ್ನ ಇವತ್ತು ಶುರು ಮಾಡಬೇಕು ಅಂದರೆ, ಹೇಗೆ ಮಾಡಬೇಕು ಅಂತ ಯಾರನ್ನ ಕೇಳ್ತೀರಿ? ಹೇಳಿಕೊಡೋಕೆ ಅಜ್ಜಿ ಇಲ್ಲ, ಪೂಜಾರಿ ಇಲ್ಲ. ಬೈಬಲ್, ಕುರಾನ್ ತರದ ಒಂದು ಗ್ರಂಥವೂ ಆ ಧರ್ಮಕ್ಕೆ ಇರಲಿಲ್ಲ. ಹಾಗಾದರೆ ಉಳಿದಿರೋದು ಏನು?

ನಾನು ಓದಿದ್ದು ಬಿ.ಕಾಂ. ಇತಿಹಾಸ ನನ್ನ ಹುಚ್ಚು, ಡಿಗ್ರಿ ಅಲ್ಲ. ಆದ್ದರಿಂದ ಈ ಪ್ರಶ್ನೆಗೆ ಉತ್ತರ ಹುಡುಕ್ತಾ ಹೋದಾಗ ಸಿಕ್ಕಿದ ಒಂದು ಕಲ್ಲು ನನಗೆ ಎಷ್ಟು ಖುಷಿ ಕೊಡ್ತು ಅಂದರೆ, ಇವತ್ತಿನ ಸಂಚಿಕೆಯ ಅರ್ಧ ಅದರ ಮೇಲೇ ಇರುತ್ತೆ. ಯಾಕೆ ಅಂದರೆ ಆ ಕಲ್ಲು ಒಂದು ಲೆಕ್ಕದ ಪುಸ್ತಕ.

ಅಥೆನ್ಸ್ ವಿಮಾನ ನಿಲ್ದಾಣ ಇರೋ ಊರಿನ ಹೆಸರು ಸ್ಪಾಟಾ. ಹಳೇ ಕಾಲದಲ್ಲಿ ಆ ಸುತ್ತಿನಲ್ಲಿ ಎರ್ಕಿಯಾ ಅಂತ ಒಂದು ಊರಿತ್ತು. ಅಲ್ಲಿ ಸಿಕ್ಕಿದ ಒಂದು ಶಾಸನವನ್ನ 1963ರಲ್ಲಿ ಜಾರ್ಜ್ ದೋ ಅನ್ನೋ ಫ್ರೆಂಚ್ ವಿದ್ವಾಂಸರು ಪ್ರಕಟಿಸಿದರು. ಕ್ರಿಸ್ತಪೂರ್ವ ನಾಲ್ಕನೇ ಶತಮಾನದ್ದು. ಐದು ಉದ್ದುದ್ದ ಕಾಲಂ. ಪ್ರತಿ ನಮೂದಿನಲ್ಲೂ ತಿಂಗಳು, ತಿಥಿ, ಯಾವ ದೇವರು, ಯಾವ ಜಾಗ, ಯಾವ ಪ್ರಾಣಿ, ಬೆಲೆ ಎಷ್ಟು ಅಂತ ಇದೆ. ಕುರಿ, ಮೇಕೆಗೆ 10ರಿಂದ 12 ದ್ರಾಖ್ಮ, ಹಂದಿಮರಿಗೆ 3 ದ್ರಾಖ್ಮ. ಕೆಲವು ಕಡೆ ಒಂದೆರಡು ಪದದ ಷರಾ. ಒಂದು ಕಡೆ ಚರ್ಮ ಪೂಜಾರಿಣಿಗೆ ಸೇರಬೇಕು ಅಂತಿದೆ. ಕೆಲವು ಕಡೆ ವೈನ್ ಬಳಸಬಾರದು ಅಂತ. ಇನ್ನು ಬಹಳ ಕಡೆ, ಮಾಂಸ ಹೊರಗೆ ಒಯ್ಯುವಂತಿಲ್ಲ ಅಂತ, ಅಂದರೆ ಅಲ್ಲೇ ಕೂತು ತಿಂದು ಮುಗಿಸಬೇಕು, ಬುತ್ತಿ ಕಟ್ಟಿಕೊಂಡು ಹೋಗಬಾರದು.

ಈಗ ಕಾಮರ್ಸ್‌ನವರು ಕಿವಿ ನಿಮಿರಿಸಿ ಕೇಳಿ. ಐದೂ ಕಾಲಂಗಳನ್ನ ಬೇರೆಬೇರೆ ಕೂಡಿದರೆ ಒಂದೊಂದೂ ಹೆಚ್ಚುಕಡಿಮೆ 110 ದ್ರಾಖ್ಮಕ್ಕೆ ಬಂದು ನಿಲ್ಲುತ್ತೆ. ಇದು ಆಕಸ್ಮಿಕ ಅಲ್ಲ. ಊರಿನ ವರ್ಷದ ಪೂಜೆಗಳ ಖರ್ಚನ್ನ ಐದು ಸಮ ಪಾಲು ಮಾಡಿ, ಐದು ಜನ ಉಳ್ಳವರಿಗೆ ಹಂಚಿರಬೇಕು ಅನ್ನೋದು ವಿದ್ವಾಂಸರ ಊಹೆ. ಯಾರಿಗೂ ಒಬ್ಬರಿಗೇ ಭಾರ ಆಗಬಾರದು, ಯಾರೂ 'ನಾನೇ ಜಾಸ್ತಿ ಕೊಟ್ಟೆ' ಅಂತ ಮೀಸೆ ತಿರುವಬಾರದು. ಅದಕ್ಕೇ ಒಂದೇ ಹಬ್ಬದ ದಿನದ ಬಲಿಗಳು ಬೇರೆಬೇರೆ ಕಾಲಂಗಳಲ್ಲಿ ಚದುರಿವೆ. ಊರಹಬ್ಬಕ್ಕೆ ಚಂದಾ ಎತ್ತಿದ ಯಾರಿಗಾದರೂ ಇದರ ಹಿಂದಿನ ಪಂಚಾಯ್ತಿ, ಜಗಳ ಎಲ್ಲ ಕಣ್ಣಿಗೆ ಕಟ್ಟುತ್ತೆ.

ಆದರೆ ಆ ಕಲ್ಲು ಏನು ಹೇಳಲ್ಲ ಅನ್ನೋದನ್ನೂ ನೋಡಿ. ಯಾವ ಹಾಡು ಹೇಳಬೇಕು? ಹೇಳಲ್ಲ. ದೇವರನ್ನ ಯಾವ ಮಾತಿನಿಂದ ಕರೀಬೇಕು? ಇಲ್ಲ. ಯಾರು ಎಲ್ಲಿ ನಿಲ್ಲಬೇಕು, ಹೆಣ್ಣುಮಕ್ಕಳು ಯಾವಾಗ ಬರಬೇಕು, ಮಗು ಅತ್ತರೆ ಏನು ಮಾಡಬೇಕು? ಒಂದೂ ಇಲ್ಲ. ಯಾಕೆ ಅಂದರೆ ಅದನ್ನ ಬರೆಯೋ ಅಗತ್ಯವೇ ಇರಲಿಲ್ಲ. ಊರಿನ ಪ್ರತಿಯೊಬ್ಬರಿಗೂ ಗೊತ್ತಿತ್ತು. ಮರೆತುಹೋಗುತ್ತೆ, ಜಗಳ ಆಗುತ್ತೆ ಅನ್ನೋದನ್ನ ಮಾತ್ರ ಕಲ್ಲಲ್ಲಿ ಕೆತ್ತಿಸಿದರು. ಅಂದರೆ ದುಡ್ಡಿನ ವಿಷಯ.

ಅಥೆನ್ಸ್ ನಗರದಲ್ಲೂ ಇದೇ ಕತೆ. ಕ್ರಿಸ್ತಪೂರ್ವ 399ರ ಸುಮಾರಿಗೆ ನಿಕೋಮಾಕಸ್ ಅನ್ನೋ ಅಧಿಕಾರಿಯ ಮೇಲೆ ಒಂದು ಕೇಸ್ ನಡೀತು. ನಗರದ ಬಲಿಗಳ ಪಟ್ಟಿಯನ್ನ ಪರಿಷ್ಕರಿಸಿ ಬರೆಯೋ ಕೆಲಸ ಅವನದ್ದು. ಅವನು ಹೇಳಿದ್ದಕ್ಕಿಂತ ಹೆಚ್ಚು ಬಲಿಗಳನ್ನ ಪಟ್ಟಿಗೆ ಸೇರಿಸಿದ, ಅದಕ್ಕೇ ಬಜೆಟ್ ಮುಗಿದು, ಹಿರಿಯರ ಕಾಲದಿಂದ ಬಂದ 3 ಟ್ಯಾಲೆಂಟ್ ಮೌಲ್ಯದ ಬಲಿಗಳು ಹಿಂದಿನ ವರ್ಷ ನಿಂತೇಹೋದವು ಅನ್ನೋದು ಆರೋಪ. ಒಂದು ಟ್ಯಾಲೆಂಟ್ ಅಂದರೆ 6,000 ದ್ರಾಖ್ಮ. ಮೂರಕ್ಕೆ 18,000. ಎರ್ಕಿಯಾದ ಹಂದಿಮರಿ ಲೆಕ್ಕದಲ್ಲಿ 6,000 ಹಂದಿಮರಿ. ಈ ಭಾಷಣ ಬರೆದವನು ಲಿಸಿಯಾಸ್, ಅದು ಉಳಿದಿದೆ. ನಿಕೋಮಾಕಸ್‌ನ ಉತ್ತರ ಉಳಿದಿಲ್ಲ, ಆದ್ದರಿಂದ ನಾನು ತೀರ್ಪು ಕೊಡಲ್ಲ. ನನಗೆ ಮುಖ್ಯ ಅನಿಸಿದ್ದು ಬೇರೆ. 'ಹಿರಿಯರು ಮಾಡಿದ್ದು ಏನು' ಅನ್ನೋದರ ಬಗ್ಗೆ ಆ ಧರ್ಮ ಜೀವಂತವಾಗಿದ್ದಾಗಲೇ, ಸಾಕ್ರಟೀಸ್ ಬದುಕಿದ್ದ ಕಾಲದಲ್ಲೇ, ಕೋರ್ಟಲ್ಲಿ ಜಗಳ ನಡೀತಿತ್ತು. ಇವತ್ತು ಮತ್ತೆ ಕಟ್ಟೋರ ಪಾಡು ಕೇಳಬೇಕಾ?

ಈಗ ಮನೆಯೊಳಗಿನ ಪೂಜೆಗೆ ಬರೋಣ. ಇವತ್ತು ಈ ಧರ್ಮವನ್ನ ಪಾಲಿಸುವವರು ಗ್ರೀಸಲ್ಲೂ ಇದ್ದಾರೆ, ಅಮೆರಿಕದಲ್ಲೂ ಇದ್ದಾರೆ. ಅವರಲ್ಲಿ ಹೆಚ್ಚಿನವರಿಗೆ ದೇವಾಲಯ ಇಲ್ಲ. ಇರೋದು ಅಪಾರ್ಟ್‌ಮೆಂಟಿನ ಒಂದು ಮೂಲೆ, ಒಂದು ಶೆಲ್ಫು. ಒಲೆಯ ದೇವತೆ ಹೆಸ್ಟಿಯಾಗೆ ಮೊದಲ ಪಾಲು, ಕೊನೆಯ ಪಾಲು. ಹಳೇ ಮನೆಗಳಲ್ಲಿ ನಡುಮನೆಯ ಒಲೆಯೇ ಅವಳು. ಇಂಡಕ್ಷನ್ ಸ್ಟೌ ಇರೋ ಮನೆಯಲ್ಲಿ ಒಂದು ದೀಪ ಅಥವಾ ಮೇಣದಬತ್ತಿ. ಕೈ ತೊಳೆಯೋಕೆ ಶುದ್ಧಿಯ ನೀರು ಬೇಕು. ಹಿಂದೆ ಬಲಿಪೀಠದಿಂದ ಉರಿಯೋ ಕೊಳ್ಳಿ ತೆಗೆದು ನೀರಲ್ಲಿ ಅದ್ದುತ್ತಿದ್ದರು ಅಂತ ಬರಹದಲ್ಲಿದೆ. ಈಗ ಲಾರೆಲ್ ಎಲೆ ಹೊತ್ತಿಸಿ ಅದ್ದುತ್ತಾರೆ, ಇಲ್ಲದಿದ್ದರೆ ಬೆಂಕಿಕಡ್ಡಿ. ಆಮೇಲೆ ಒಂದಷ್ಟು ಬಾರ್ಲಿ ಕಾಳು, ಧೂಪ, ವೈನ್ ಧಾರೆ.

ತಿಂಗಳ ಲೆಕ್ಕ ಚಂದ್ರನದ್ದು. ವರ್ಷ ಸರಿಹೊಂದಿಸೋಕೆ ಆಗಾಗ ಒಂದು ಹೆಚ್ಚುವರಿ ತಿಂಗಳು, ನಮ್ಮ ಅಧಿಕ ಮಾಸದ ಹಾಗೆ. ಅಥೆನ್ಸಲ್ಲಿ ಸಾಮಾನ್ಯವಾಗಿ ಪೊಸಿಡಿಯೋನ್ ತಿಂಗಳನ್ನೇ ಎರಡು ಸಲ ಮಾಡ್ತಿದ್ದರು. ತಿಂಗಳ ಮೊದಲ ದಿನ ನೌಮೇನಿಯಾ, ಅಮಾವಾಸ್ಯೆ ಕಳೆದು ಚಂದ್ರನ ಎಳೆ ಕಂಡ ದಿನ. ಆರನೇದು ಆರ್ಟೆಮಿಸ್‌ಗೆ, ಏಳನೇದು ಅಪೋಲೊಗೆ. ತಿಂಗಳು ಮುಗಿಯೋ ಕತ್ತಲೆಯ ರಾತ್ರಿ ಹೆಕಟೆ ದೇವತೆಗೆ ಊಟ. ಮನೆ ಗುಡಿಸಿ, ಊಟ ತಗೊಂಡು ಹೋಗಿ ಮೂರು ದಾರಿ ಕೂಡೋ ಜಾಗದಲ್ಲಿ ಇಟ್ಟು ಬರೋದು.

ಮೂರು ದಾರಿ ಕೂಡೋ ಜಾಗ, ಅಮಾವಾಸ್ಯೆ ರಾತ್ರಿ. ನಿಮ್ಮ ತಲೆಯಲ್ಲಿ ಏನು ಬಂತು ಅಂತ ನನಗೆ ಗೊತ್ತು. ನನಗೂ ಅದೇ ಬಂತು, ಕುಂಕುಮದ ನೀರು, ನಿಂಬೆಹಣ್ಣು, 'ದಾಟಬೇಡ್ವೋ' ಅಂತ ಅಜ್ಜಿ ಕೂಗೋದು. ಆದರೆ ಇಲ್ಲಿಂದ ನೇರ 'ಎಲ್ಲ ನಮ್ಮಿಂದಲೇ ಹೋಗಿದ್ದು' ಅನ್ನೋ ವಾಟ್ಸಾಪ್ ಮೆಸೇಜಿಗೆ ಹಾರೋದು ಬೇಡ. ಅಮಾವಾಸ್ಯೆಗೆ, ಕೂಡುದಾರಿಗೆ ಹೆದರೋಕೆ ಮನುಷ್ಯರಿಗೆ ಒಬ್ಬರಿಂದ ಒಬ್ಬರು ಕಲೀಬೇಕಾಗಿಲ್ಲ.

ಆ ಊಟಕ್ಕೆ ಏನಾಗ್ತಿತ್ತು ಗೊತ್ತಾ? ಅರಿಸ್ಟೋಫನೀಸ್‌ನ ಒಂದು ನಾಟಕದಲ್ಲಿ ಬಡತನದ ಬಗ್ಗೆ ವಾದ ನಡೆಯುವಾಗ ಈ ಮಾತು ಬರುತ್ತೆ. ಉಳ್ಳವರು ಹೆಕಟೆಗೆ ಅಂತ ಇಡೋ ಊಟವನ್ನ ಬಡವರು ಇಟ್ಟ ಕೂಡಲೇ ಎತ್ತಿಕೊಂಡು ಹೋಗ್ತಾರೆ ಅಂತ. ತಮಾಷೆಗೆ ಬರೆದ ಸಾಲು, ಆದರೆ ಇವತ್ತಿನ ಪಾಲಕರಿಗೆ ದೊಡ್ಡ ಉಪಕಾರ ಆಗಿದೆ. ನಗರದ ಸಿಗ್ನಲ್ಲಿನಲ್ಲಿ ಊಟ ಇಟ್ಟರೆ ನಾಯಿ, ಇಲಿ, ಮುನ್ಸಿಪಾಲ್ಟಿ ದಂಡ. ಆದ್ದರಿಂದ ಅವರಲ್ಲಿ ಹಲವರು ಆ ರಾತ್ರಿಯ ಹೆಸರಿನಲ್ಲಿ ಹಸಿದವರಿಗೆ ಆಹಾರ ಕೊಡೋ ಕೇಂದ್ರಕ್ಕೆ ದಿನಸಿ ಕೊಟ್ಟುಬರ್ತಾರೆ. ಪದ್ಧತಿ ಬದಲಾಯಿತಾ ಅಂದರೆ ಹೌದು. ಆದರೆ ಹಳೇ ಕಾಲದಲ್ಲೂ ಊಟ ಸೇರ್ತಿದ್ದಿದ್ದು ಅದೇ ಹೊಟ್ಟೆಗಳಿಗೆ.

ಇನ್ನೊಂದು ಉದಾಹರಣೆ ಹೇಳ್ತೀನಿ, ಇದು ನನಗೆ ತುಂಬ ಇಷ್ಟ. ಉಗ್ರಾಣ ಕಾಯೋ ಜ್ಯೂಸ್, ಕ್ಟೇಸಿಯೋಸ್ ಅಂತ ಅವನ ಬಿರುದು, ಆಸ್ತಿಪಾಸ್ತಿ ಕೊಡುವವನು, ಕಾಯುವವನು. ಇವನಿಗೆ ಮೂರ್ತಿ ಬೇಕಾಗಿಲ್ಲ, ಒಂದು ಮಡಕೆ ಸಾಕು. ಆ ಮಡಕೆ ಹೇಗೆ ಇಡಬೇಕು ಅನ್ನೋ ವಿಧಿ ನಮಗೆ ಉಳಿದುಬಂದ ದಾರಿ ನೋಡಿ. ಆಂಟಿಕ್ಲೈಡಿಸ್ ಅನ್ನೋನು ಬರೆದ ವಿಧಿಗಳ ಪುಸ್ತಕ ಕಳೆದುಹೋಗಿದೆ. ಅದರ ನಾಲ್ಕು ಸಾಲನ್ನ ಅಥೀನಿಯಸ್ ಅನ್ನೋನು ನೂರಾರು ವರ್ಷ ಆದಮೇಲೆ ಒಂದು ಔತಣಕೂಟದ ಹರಟೆಯ ಪುಸ್ತಕದಲ್ಲಿ, ಪಾತ್ರೆಗಳ ಹೆಸರಿನ ಚರ್ಚೆಯ ಮಧ್ಯೆ ಎತ್ತಿ ಹೇಳ್ತಾನೆ. ಪೂಜೆ ಮಾಡೋಕಲ್ಲ, ಒಂದು ಪಾತ್ರೆಗೆ ಆ ಹೆಸರು ಇತ್ತು ಅಂತ ತೋರಿಸೋಕೆ. ಮುಚ್ಚಳ ಇರೋ, ಎರಡು ಕಿವಿಯ ಹೊಸ ಮಡಕೆ ತಗೊಳ್ಳಿ, ಕಿವಿಗಳಿಗೆ ಬಿಳಿ ಉಣ್ಣೆ ಸುತ್ತಿ, ಶುದ್ಧ ನೀರು, ಆಲಿವ್ ಎಣ್ಣೆ, ಬಗೆಬಗೆಯ ಫಲ ಸೇರಿಸಿ ಹಾಕಿ. ನಮ್ಮ ಕಲಶ ನೆನಪಾದರೆ ತಪ್ಪಿಲ್ಲ.

ಆದರೆ ಮಧ್ಯದಲ್ಲಿ ಒಂದು ಸಾಲು ಕೆಟ್ಟುಹೋಗಿದೆ. 'ಬಲ ಭುಜ', 'ಹಣೆ', 'ಹಳದಿ' ಅನ್ನೋ ಪದಗಳಿವೆ, ಜೋಡಿಸಿದರೆ ವಾಕ್ಯ ಆಗಲ್ಲ. ಪ್ರತಿ ಮಾಡುವಾಗ ಯಾವನೋ ತಪ್ಪಿಸಿದ್ದಾನೆ. ಭುಜ ಯಾರದ್ದು, ಮಡಕೆಯದ್ದಾ, ಪೂಜೆ ಮಾಡೋನದ್ದಾ? ಹಳದಿ ಏನು, ದಾರವಾ, ಬಟ್ಟೆಯಾ? ಒಬ್ಬ ವಿದ್ವಾಂಸ ಆ ಸಾಲಿನ ಪಕ್ಕ ಒಂದು ಗುರುತು ಹಾಕಿ, 'ಪಾಠ ಕೆಟ್ಟಿದೆ' ಅಂತ ಬರೆದು ಮುಂದೆ ಹೋಗಬಹುದು. ಮಡಕೆ ಮುಂದೆ ಕೂತಿರೋ ಮನುಷ್ಯ ಏನು ಮಾಡಬೇಕು? ಅವನು ಏನಾದರೂ ಒಂದು ಮಾಡಲೇಬೇಕು, ಇಲ್ಲವೇ ಬಿಡಲೇಬೇಕು. ಇತಿಹಾಸ ಓದೋದಕ್ಕೂ ಇತಿಹಾಸ ಮಾಡೋಕೆ ಹೋಗೋದಕ್ಕೂ ಇರೋ ವ್ಯತ್ಯಾಸ ನನಗೆ ಅರ್ಥವಾಗಿದ್ದು ಈ ಮಡಕೆಯಿಂದ.

ಕೆಲವು ಕಡೆ ಅಂತೂ ಕೆಟ್ಟ ಸಾಲೂ ಉಳಿದಿಲ್ಲ. ಎಲ್ಯೂಸಿಸ್ ಊರಿನ ರಹಸ್ಯ ವಿಧಿಗಳು ಸಾವಿರ ವರ್ಷಕ್ಕೂ ಹೆಚ್ಚು ಕಾಲ ನಡೆದವು. ಸಾವಿರಾರು ಜನ ದೀಕ್ಷೆ ತಗೊಂಡರು. ಒಳಗೆ ಕಂಡಿದ್ದನ್ನ ಹೊರಗೆ ಹೇಳಬಾರದು ಅನ್ನೋದು ನಿಯಮ. ಅಷ್ಟು ಜನ, ಅಷ್ಟು ಶತಮಾನ, ಆ ಮಾತನ್ನ ಉಳಿಸಿಕೊಂಡುಬಿಟ್ಟರು. ಅದಕ್ಕೇ ಇವತ್ತು ಯಾರಿಗೂ ಗೊತ್ತಿಲ್ಲ.

ಈ ಪೂಜೆಗಳು ನಿಂತಿದ್ದು ಹೇಗೆ ಅನ್ನೋದನ್ನ ಬೇಗ ಹೇಳಿ ಮುಗಿಸ್ತೀನಿ, ಬಹಳ ಜನಕ್ಕೆ ಗೊತ್ತಿರೋದೇ. ನಾಲ್ಕನೇ ಶತಮಾನದಲ್ಲಿ ರೋಮ್ ಸಾಮ್ರಾಜ್ಯ ಕ್ರೈಸ್ತ ಆಯ್ತು. 361ರಿಂದ 363ರವರೆಗೆ ಜೂಲಿಯನ್ ಅನ್ನೋ ಚಕ್ರವರ್ತಿ ಹಳೇ ದೇವರುಗಳನ್ನ ವಾಪಸ್ ತರೋಕೆ ನೋಡಿದ, ಯುದ್ಧದಲ್ಲಿ ಸತ್ತ. 392ರಲ್ಲಿ ಥಿಯೋಡೋಸಿಯಸ್ ಹೊರಡಿಸಿದ ಕಾನೂನು ದೇವಾಲಯದ ಬಾಗಿಲಿಗೆ ನಿಲ್ಲಲಿಲ್ಲ, ಮನೆಯೊಳಗೆ ಬಂತು. ಮನೆದೇವರಿಗೆ ದೀಪ ಹಚ್ಚಬಾರದು, ಧೂಪ ಹಾಕಬಾರದು, ಹೂಮಾಲೆ ಕಟ್ಟಬಾರದು. ಧೂಪದ ಹೊಗೆ ಎದ್ದ ಜಾಗ ಮಾಲೀಕನದ್ದೇ ಆಗಿದ್ದರೆ ಮುಟ್ಟುಗೋಲು. ಬೇರೆಯವರ ಜಾಗದಲ್ಲೋ ಸಾರ್ವಜನಿಕ ದೇವಾಲಯದಲ್ಲೋ ಬಲಿ ಕೊಟ್ಟರೆ 25 ಪೌಂಡ್ ಚಿನ್ನ ದಂಡ. 529ರಲ್ಲಿ ಜಸ್ಟಿನಿಯನ್ ಕಾಲಕ್ಕೆ ಅಥೆನ್ಸಿನ ತತ್ವಶಾಸ್ತ್ರ ಶಾಲೆಯೂ ಮುಚ್ಚಿತು. ಆದರೂ ದಕ್ಷಿಣ ತುದಿಯ ಮಾನಿ ಬೆಟ್ಟಗಳಲ್ಲಿ ಒಂಬತ್ತನೇ ಶತಮಾನದವರೆಗೂ ಹಳೇ ದೇವರುಗಳಿಗೆ ನಡೆದುಕೊಳ್ಳೋ ಜನ ಇದ್ದರು ಅಂತ ಬೈಜಾಂಟಿಯಂನ ಚಕ್ರವರ್ತಿಯೊಬ್ಬನೇ ಬರೆದಿಟ್ಟಿದ್ದಾನೆ. ಅವರನ್ನ ಸುತ್ತಲಿನವರು ಏನಂತ ಕರೀತಿದ್ದರು? 'ಹೆಲೀನರು' ಅಂತ.

ಇದು ಸ್ವಲ್ಪ ನಿಧಾನವಾಗಿ ಕೇಳಬೇಕಾದ ವಿಷಯ. ಇವತ್ತು ಗ್ರೀಕರು ತಮ್ಮನ್ನ ಹೆಲೀನರು ಅಂತಾರೆ, ದೇಶಕ್ಕೆ ಹೆಲ್ಲಾಸ್ ಅಂತಾರೆ. ಆದರೆ ಸುಮಾರು ಸಾವಿರ ವರ್ಷ ಆ ಪದದ ಅರ್ಥ 'ಹಳೇ ದೇವರುಗಳನ್ನ ಪೂಜಿಸುವವನು' ಅಂತ, ಅದೂ ಬೈಗುಳದ ಧಾಟಿಯಲ್ಲಿ. ಗ್ರೀಕ್ ಮಾತಾಡೋ ಕ್ರೈಸ್ತ ತನ್ನನ್ನ 'ರೋಮಿಯೋಸ್', ಅಂದರೆ ರೋಮ್‌ನವನು ಅಂತಲೇ ಹೇಳಿಕೊಳ್ತಿದ್ದ. 1821ರ ಸ್ವಾತಂತ್ರ್ಯ ಯುದ್ಧದ ಆಸುಪಾಸಿನಲ್ಲಿ ಹಳೇ ಹೆಸರು ವಾಪಸ್ ಬಂತು, ಹೆಮ್ಮೆಯಿಂದ. ಮಕ್ಕಳಿಗೆ ಪೆರಿಕ್ಲಿಸ್, ಲಿಯೊನಿಡಾಸ್ ಅಂತ ಹೆಸರಿಟ್ಟರು. ಕಂಬಗಳು ಬಂದವು, ಹೆಸರು ಬಂತು, 1896ಕ್ಕೆ ಒಲಿಂಪಿಕ್ಸೂ ಬಂತು. ದೇವರು ಮಾತ್ರ ಬರೋ ಹಾಗಿಲ್ಲ. ಜ್ಯೂಸನ್ನ ಟೀಶರ್ಟ್ ಮೇಲೆ ಮಾರಬಹುದು, ನಂಬಬಾರದು. ಇವತ್ತಿನ ಪಾಲಕರ ಸಿಟ್ಟು ಇಲ್ಲಿದೆ, ಈ ಸಿಟ್ಟು ನನಗೆ ನ್ಯಾಯ ಅನಿಸುತ್ತೆ.

ಮಧ್ಯದಲ್ಲಿ ಒಬ್ಬ ವಿಚಿತ್ರ ಮನುಷ್ಯ ಬರ್ತಾನೆ, ಜೆಮಿಸ್ಟಸ್ ಪ್ಲೆಥಾನ್. ಸ್ಪಾರ್ಟಾ ಹತ್ತಿರದ ಮಿಸ್ಟ್ರಾಸ್ ಊರಲ್ಲಿ ಇದ್ದ ತತ್ವಜ್ಞಾನಿ. ಹೊರಗೆ ಗೌರವದ ಹಿರಿಯ, 1438-39ರಲ್ಲಿ ಇಟಲಿಯಲ್ಲಿ ನಡೆದ ಚರ್ಚ್ ಮಹಾಸಭೆಗೆ ಗ್ರೀಕರ ಕಡೆಯಿಂದ ಹೋಗಿಬಂದವನು. ಒಳಗೆ 'ಕಾನೂನುಗಳು' ಅನ್ನೋ ಪುಸ್ತಕ ಬರೀತಿದ್ದ. ಜ್ಯೂಸ್ ಮತ್ತಿತರ ದೇವರುಗಳ ಪೂಜೆ, ಸ್ತೋತ್ರ, ಚಂದ್ರಮಾನದ ಪಂಚಾಂಗ ಎಲ್ಲ ಅದರಲ್ಲಿತ್ತು. ಅವನು ಸತ್ತಮೇಲೆ ಹಸ್ತಪ್ರತಿ ಕಾನ್‌ಸ್ಟಾಂಟಿನೋಪಲ್‌ನ ಕ್ರೈಸ್ತ ಧರ್ಮಗುರು ಗೆನ್ನಾಡಿಯಸ್ ಕೈಗೆ ಬಂತು. ಅವರು ಅದನ್ನ ಸುಟ್ಟರು. ಆದರೆ 'ನೋಡಿ, ಇಂಥದ್ದು ಇತ್ತು' ಅಂತ ಸಾಬೀತು ಮಾಡೋಕೆ ಪರಿವಿಡಿ ಮತ್ತು ಒಂದಷ್ಟು ಭಾಗ ಇಟ್ಟುಕೊಂಡರು. ಸುಟ್ಟವರ ಕಡತದಿಂದಲೇ ಇವತ್ತು ನಾವು ಅದನ್ನ ಓದ್ತೀವಿ. ಪ್ಲೆಥಾನ್ ಹಳೇದನ್ನ ಉಳಿಸಿದ ಅಂತ ಕೆಲವರು ಹೇಳ್ತಾರೆ. ನನಗೆ ಒಪ್ಪಿಗೆ ಇಲ್ಲ. ಅವನು ಪ್ಲೇಟೋನನ್ನ ಓದಿ ಹೊಸದೊಂದು ಕಟ್ಟಿದ, ಹಳೇ ಹೆಸರು ಇಟ್ಟ. ಎರ್ಕಿಯಾದ ಹಂದಿಮರಿ ಅವನ ಪುಸ್ತಕದಲ್ಲಿ ಸಿಗಲ್ಲ.

ಈಗಿನ ಕಾಲದ್ದು. 1997ರಲ್ಲಿ ಗ್ರೀಸಿನಲ್ಲಿ ಈ ಜನರ ಒಂದು ಪರಮೋಚ್ಚ ಪರಿಷತ್ತು ಶುರುವಾಯ್ತು. ಲೇಖಕ ವ್ಲಾಸಿಸ್ ರಾಸಿಯಾಸ್ ಅದರ ಮುಂಚೂಣಿಯಲ್ಲಿದ್ದವರು, 2019ರಲ್ಲಿ ತೀರಿಕೊಂಡರು. ಗ್ರೀಸಿನ ಸಂವಿಧಾನದ ಮೂರನೇ ವಿಧಿ ಆರ್ಥಡಾಕ್ಸ್ ಕ್ರೈಸ್ತ ಧರ್ಮವನ್ನ ಪ್ರಧಾನ ಧರ್ಮ ಅನ್ನುತ್ತೆ. 2000ದವರೆಗೂ ಗುರುತಿನ ಚೀಟಿಯಲ್ಲಿ ಧರ್ಮದ ಕಾಲಂ ಇತ್ತು. ಆರಾಧನೆಯ ಸ್ವಾತಂತ್ರ್ಯ ಇರೋದು 'ಪರಿಚಿತ ಧರ್ಮ'ಗಳಿಗೆ ಅಂತ ಹದಿಮೂರನೇ ವಿಧಿ. ಅಂದರೆ ಪಾರ್ಥೆನಾನ್ ಕಟ್ಟಿದ ಧರ್ಮ ಆ ದೇಶದಲ್ಲಿ 'ಪರಿಚಿತ' ಅಲ್ಲ! 2017ರ ಏಪ್ರಿಲ್‌ನಲ್ಲಿ ಸರಕಾರ ಅವರಿಗೆ ಅಥೆನ್ಸಲ್ಲಿ ಪ್ರಾರ್ಥನಾ ಸ್ಥಳದ ಪರವಾನಗಿ ಕೊಡ್ತು, ಅದರೊಂದಿಗೆ ಅವರ ಧರ್ಮವೂ ಪರಿಚಿತ ಆಯ್ತು. ಅರ್ಜಿ, ಸೀಲು, ಸಹಿ. ಹಾಗೆ ಜ್ಯೂಸ್ ಕಾಗದಪತ್ರದಲ್ಲಿ ವಾಪಸ್ ಬಂದ.

ಒಳಜಗಳಗಳೂ ಇವೆ, ಮುಚ್ಚಿಡಲ್ಲ. ಒಂದು ಜಗಳ ಯಾರದ್ದು ಈ ಧರ್ಮ ಅನ್ನೋದು. ಗ್ರೀಕ್ ರಕ್ತದವರದ್ದೇ ಅನ್ನುವವರಿದ್ದಾರೆ, ಆ ಮಾತು ಬೇಗ ಜನಾಂಗದ್ವೇಷದ ಕಡೆ ಜಾರುತ್ತೆ. ದೇವರುಗಳಿಗೆ ಪಾಸ್‌ಪೋರ್ಟ್ ಬೇಕಿಲ್ಲ ಅನ್ನುವವರೂ ಇದ್ದಾರೆ. ಇತಿಹಾಸ ಎರಡನೆಯವರ ಕಡೆ ಇದೆ ಅಂತ ನನಗನಿಸುತ್ತೆ. ಕ್ರಿಸ್ತಪೂರ್ವ ಎರಡನೇ ಶತಮಾನದಲ್ಲಿ ಹೆಲಿಯೊಡೋರಸ್ ಅನ್ನೋ ಗ್ರೀಕ್ ರಾಯಭಾರಿ ವಿದಿಶಾ ಹತ್ತಿರ ವಾಸುದೇವನಿಗೆ ಗರುಡಗಂಬ ನಿಲ್ಲಿಸಿದ. ಕಂಬ ಇವತ್ತಿಗೂ ನಿಂತಿದೆ. ಅವನಿಗೆ ಅದರಲ್ಲಿ ದ್ರೋಹ ಕಾಣಲಿಲ್ಲ.

ಕನ್ನಡದ ಹೆಸರೂ ಇಲ್ಲಿ ಒಂದು ಕಡೆ ಬರುತ್ತೆ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕಿದ 413ನೇ ಸಂಖ್ಯೆಯ ಪಪೈರಸ್, ಒಂದು ಗ್ರೀಕ್ ಪ್ರಹಸನ. ಅದರಲ್ಲಿ ಭಾರತದ ಕರಾವಳಿಯವರು ಆಡೋ ಪರಭಾಷೆಯ ಮಾತು ಕನ್ನಡ ಇರಬಹುದು ಅಂತ 1904ರಲ್ಲಿ ಹುಲ್ಟ್ಜ್ ಹೇಳಿದರು. ಶಾಮಶಾಸ್ತ್ರಿಗಳು, ಗೋವಿಂದ ಪೈಗಳು ಅದರ ಹಿಂದೆ ಬಿದ್ದರು, ಒಪ್ಪದ ವಿದ್ವಾಂಸರೂ ಇದ್ದಾರೆ. ಭಾಷೆಯ ಜಗಳ ಪಕ್ಕಕ್ಕಿಡಿ, ಕತೆ ಕೇಳಿ. ಖಾರಿಷನ್ ಅನ್ನೋ ಗ್ರೀಕ್ ಹುಡುಗಿ ಪರದೇಶದ ದೇವಿಯ ಗುಡಿಯಲ್ಲಿ ಸೆರೆ. ಬಿಡಿಸಿಕೊಂಡು ಹೋಗೋಕೆ ಬಂದವರು, ಹೋಗ್ತಾ ದೇವಿಯ ಒಡವೆ ಎತ್ತಿಕೊಂಡು ಹೋಗೋಣ ಅಂದರೆ ಅವಳು ತಡೀತಾಳೆ. ಕಾಪಾಡು ಅಂತ ಕೇಳುವವರು ದೇವರ ಸೊತ್ತು ಕದಿಯಬಾರದು ಅನ್ನೋದು ಅವಳ ವಾದ. ತನ್ನ ದೇವಿ ಅಲ್ಲ, ತನ್ನ ಊರಲ್ಲ, ಆದರೂ.

ಇನ್ನೊಂದು ಜಗಳ ಪ್ರಾಣಿಬಲಿ. ಇವತ್ತಿನ ಗುಂಪುಗಳಲ್ಲಿ ಹೆಚ್ಚಿನವರು ಬಲಿ ಕೊಡಲ್ಲ. ಹಣ್ಣು, ಜೇನು, ಧಾನ್ಯ, ಧೂಪ. 'ಹಾಗಾದರೆ ನೀವು ಕಟ್ಟಿದ್ದು ಹಳೇ ಧರ್ಮ ಹೇಗಾಯ್ತು?' ಅಂತ ಕೇಳೋದು ಸುಲಭ. ಎರ್ಕಿಯಾದ ಕಲ್ಲಿನ ತುಂಬ ಇರೋದು ಪ್ರಾಣಿಗಳೇ ತಾನೆ? ಆದರೆ ಪೈಥಾಗರಸ್‌ನ ಹಿಂಬಾಲಕರು, ಎಂಪೆಡೊಕ್ಲಿಸ್, ಥಿಯೋಫ್ರಾಸ್ಟಸ್, ಕ್ರಿಸ್ತಶಕ ಮೂರನೇ ಶತಮಾನದ ಪಾರ್ಫಿರಿ, ಇವರೆಲ್ಲ ಪ್ರಾಣಿಬಲಿಯ ವಿರುದ್ಧ ಮಾತಾಡಿದವರೇ. ಒಂದು ಸಂಪ್ರದಾಯವನ್ನ ಮತ್ತೆ ಕಟ್ಟುವಾಗ ಅದರೊಳಗಿನ ಭಿನ್ನಮತವನ್ನೂ ಸೇರಿಸಿಕೊಳ್ಳಬಹುದಲ್ಲ. ಅದೇ ಥಿಯೋಫ್ರಾಸ್ಟಸ್ ಅತಿ ಮಡಿವಂತನ ಒಂದು ಚಿತ್ರ ಬರೆದಿದ್ದಾನೆ. ಇಲಿ ಅವನ ಹಿಟ್ಟಿನ ಚೀಲ ಕಚ್ಚಿ ತೂತು ಮಾಡುತ್ತೆ. ಇದು ಶಕುನವಾ ಅಂತ ಶಾಸ್ತ್ರ ಹೇಳೋನ ಹತ್ತಿರ ಓಡ್ತಾನೆ. ಚಮ್ಮಾರನಿಗೆ ಕೊಟ್ಟು ತೇಪೆ ಹಾಕಿಸು ಅಂತಾನೆ ಅವನು. ಇವನಿಗೆ ಸಮಾಧಾನ ಇಲ್ಲ, ಹೋಗಿ ಶಾಂತಿ ಮಾಡಿಸ್ತಾನೆ.

ಇಷ್ಟೆಲ್ಲ ನಾನು ಯಾಕೆ ಓದಿದೆ ಅಂದರೆ, ನಮ್ಮ ಮನೆಯಲ್ಲೂ ಒಂದು ಲೆಕ್ಕದ ಪುಸ್ತಕ ಇದೆ. ನಮ್ಮದು ನಾಗಮಂಗಲ ಕಡೆ. ತಾತ ಇದ್ದಾಗ ಮೂರು ವರ್ಷಕ್ಕೊಮ್ಮೆ ಹರಿಸೇವೆ ಮಾಡ್ತಿದ್ದರು. ತಾತ ಹೋದರು, ಬರ್ತಿದ್ದ ದಾಸಯ್ಯ ಹೋದರು, ಅವರ ಮಕ್ಕಳು ಆ ಕೆಲಸ ಮುಂದುವರಿಸಲಿಲ್ಲ. ಅಜ್ಜಿಗೆ ಎಲ್ಲ ಗೊತ್ತಿತ್ತು, ಅಜ್ಜಿಯನ್ನ ನಾವು ಕೇಳಲಿಲ್ಲ. ನಾನು ಆಗ ಸಿ.ಎ. ಫೌಂಡೇಶನ್ ಪರೀಕ್ಷೆಗೆ ಓದ್ತಿದ್ದೆ, ಅಜ್ಜಿ ಹಿತ್ತಲಲ್ಲಿ ಕೂತಿರ್ತಿದ್ದರು. ಕೇಳೋಕೆ ಎರಡು ವರ್ಷ ಟೈಮ್ ಇತ್ತು.

ಉಳಿದಿರೋದು ತಾತನ ನೋಟ್‌ಬುಕ್. 1978ನೇ ಇಸವಿಯ ಪುಟದಲ್ಲಿ ಅಕ್ಕಿ, ಬೆಲ್ಲ, ಬಾಳೆಹಣ್ಣು, ಕರ್ಪೂರ, ದಾಸಯ್ಯನಿಗೆ 11 ರೂಪಾಯಿ, ಪಂಚೆ. ಕೊನೆಯಲ್ಲಿ, 'ಮೊರ 2, ರೂ. 5'. ಹೊಸ ಮೊರ ಎರಡು ಯಾಕೆ? ಅಪ್ಪನಿಗೆ ಗೊತ್ತಿಲ್ಲ. ಅತ್ತೆಗೆ, ದೇವರ ಮುಂದೆ ಏನೋ ಇಡ್ತಿದ್ದರು ಅಂತ ನೆನಪು, ಏನು ಅಂತ ನೆನಪಿಲ್ಲ. ಈ ಶ್ರಾವಣಕ್ಕೆ ಮತ್ತೆ ಮಾಡಬೇಕು ಅಂತ ಮನೆಯಲ್ಲಿ ಮಾತು ನಡೀತಿದೆ. ತಪ್ಪಾಗಿ ಮಾಡೋದಕ್ಕಿಂತ ಬಿಡೋದೇ ವಾಸಿ ಅಂತ ಅಪ್ಪ. ದೊಡ್ಡಪ್ಪಂದು ಬೇರೆ ಲೆಕ್ಕ. "ಗೊತ್ತಿದ್ದಷ್ಟು ಮಾಡಾನ ಕಣ್ಲಾ, ದೇವ್ರೇನು ಆಡಿಟ್ ಮಾಡಕ್ಕೆ ಬತ್ತಾನಾ?"

ನಾನು ಸದ್ಯಕ್ಕೆ ದೊಡ್ಡಪ್ಪನ ಕಡೆ. ಎರಡು ಮೊರ ತಂದಿಡೋಣ ಅಂತ ಹೇಳಿದ್ದೀನಿ, ಅದರಲ್ಲಿ ಏನು ಹಾಕಬೇಕು ಅಂತ ಗೊತ್ತಿಲ್ಲದಿದ್ದರೂ. ಇದನ್ನ ಕೇಳ್ತಿರೋರಲ್ಲಿ ನಾಗಮಂಗಲ, ಕುಣಿಗಲ್, ಮಾಗಡಿ ಕಡೆಯವರು ಯಾರಾದರೂ ಇದ್ದು, ನಿಮ್ಮ ಮನೆಯಲ್ಲಿ ಹರಿಸೇವೆ ನೋಡಿದ ಹಿರಿಯರು ಇದ್ದರೆ, ಇವತ್ತೇ ಹೋಗಿ ಮೊರದ ವಿಷಯ ಕೇಳಿ. ಗೊತ್ತಾದರೆ ನನಗೂ ಬರೀರಿ. ಶ್ರಾವಣದ ಮೊದಲ ಶನಿವಾರಕ್ಕೆ ಮುಂಚೆ ಆದರೆ ಒಳ್ಳೇದು.